ಬಿಸಿಲು, ಬೀಡಿ, ಮುಖದ ಸುಕ್ಕು: ತಡೆಯುವುದು ಹೇಗೆ?

ಮೊದಲು ರಟ್ಟೆಯ ಒಳಮೈಯನ್ನೂ ಮುಂಗೈಯ ಹೊರಮೈಯನ್ನೂ ಪಕ್ಕಪಕ್ಕ ಹಿಡಿದು ನೋಡಿ. ಎರಡಕ್ಕೂ ವಯಸ್ಸು ಒಂದೇ. ಹೊರಗೆ ಮಾತ್ರ ಕಲೆ, ಒರಟು, ನೆರಿಗೆ ಕಂಡರೆ ಅದು ಬಹುಮಟ್ಟಿಗೆ ಬಿಸಿಲಿನ ಕೆಲಸ. ಕಾರವಾರದ ಕಡಲತೀರದಲ್ಲಿ ಬಲೆ ಎಳೆಯುವವರು, ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ದುಡಿಯುವವರು, ಶಿರಸಿಯ ಅಂಗಳದಲ್ಲಿ ಅಡಿಕೆ ಒಣಗಿಸುವವರು ಇದನ್ನು ತಮ್ಮ ಕೈಯಲ್ಲೇ ಕಾಣಬಹುದು.

ಚರ್ಮವನ್ನು ಬಿಗಿಯಾಗಿಡುವುದು ಕೊಲಾಜೆನ್ ಎಂಬ ನಾರು. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಎ ಎಂಬ ಕಿರಣ ಚರ್ಮದ ಆಳಕ್ಕಿಳಿದು, ಈ ನಾರನ್ನು ಕತ್ತರಿಸುವ ಕಿಣ್ವವನ್ನು ಹೆಚ್ಚಿಸುತ್ತದೆ. ತಂಬಾಕಿನ ಹೊಗೆಯೂ ಅದೇ ಕಿಣ್ವವನ್ನು ಕೆರಳಿಸುತ್ತದೆ. ಸಾಲದೆಂಬಂತೆ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಚರ್ಮಕ್ಕೆ ಹೋಗುವ ರಕ್ತವನ್ನೇ ತಗ್ಗಿಸುತ್ತದೆ. ಎರಡೂ ಸೇರಿದರೆ ಹಾನಿ ಕೂಡುವುದಲ್ಲ, ಗುಣಿಸುತ್ತದೆ. 1991ರಲ್ಲಿ ಪ್ರಕಟವಾದ ಅಮೆರಿಕದ ಯೂಟಾ ಅಧ್ಯಯನದಲ್ಲಿ, ವಿಪರೀತ ಬಿಸಿಲು ಮತ್ತು ಸಿಗರೇಟು ಎರಡೂ ಇದ್ದವರಲ್ಲಿ ಅತಿಯಾದ ಸುಕ್ಕಿನ ಸಾಧ್ಯತೆ ಎರಡೂ ಇಲ್ಲದವರಿಗಿಂತ ಸುಮಾರು 12 ಪಟ್ಟು ಹೆಚ್ಚಿತ್ತು. ಅವರು ಬಿಳಿ ಚರ್ಮದವರು. ನಮ್ಮ ಕಂದು ಚರ್ಮದಲ್ಲಿ ಸುಕ್ಕು ತಡವಾಗಿ ಬರುತ್ತದೆ, ಅದಕ್ಕೂ ಮುಂಚೆ ಕಪ್ಪು ಕಲೆ, ಬಂಗು ಕಾಣಿಸಿಕೊಳ್ಳುತ್ತವೆ.

ಹಾಗಾದರೆ ಮಾಡುವುದೇನು? ಬೆಳಿಗ್ಗೆ 10ರಿಂದ ಸಂಜೆ 4ರವರೆಗಿನ ಬಿಸಿಲನ್ನು ಆದಷ್ಟು ತಪ್ಪಿಸಿ. ಏಪ್ರಿಲ್ ಕೊನೆಗೆ ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಕೆಲಸ ಬಿಡಲಾಗದವರಿಗೆ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೊಪ್ಪಿಯೇ ಮೊದಲ ರಕ್ಷಣೆ; ಬಿಸಿಲು ತಡೆಯುವ ಸನ್‌ಸ್ಕ್ರೀನ್ ಕ್ರೀಮಿಗಿಂತ ಅಗ್ಗ, ಬೆವರಿಗೆ ತೊಳೆದೂ ಹೋಗದು. ತೆಳು ಮೋಡವನ್ನೂ ಬಸ್ಸಿನ ಕಿಟಕಿ ಗಾಜನ್ನೂ ಯುವಿಎ ದಾಟಿ ಬರುತ್ತದೆ ಎನ್ನುವುದು ನೆನಪಿರಲಿ.

ತೆರೆದಿರುವ ಭಾಗಕ್ಕೆ ಎಸ್‌ಪಿಎಫ್ (ಬಿಸಿಲಿಗೆ ಚರ್ಮ ಸುಡದಂತೆ ಕಾಯುವ ಮಟ್ಟ) 30 ಅಥವಾ ಹೆಚ್ಚಿನ, ಪಿಎ (ಯುವಿಎ ತಡೆಯುವ ಮಟ್ಟ) ಗುರುತಿರುವ ಸನ್‌ಸ್ಕ್ರೀನ್ ಹಚ್ಚಿ. ಮುಖ, ಕುತ್ತಿಗೆಗೆ ಎರಡು ಬೆರಳುದ್ದದಷ್ಟು ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ, ಸಮುದ್ರಸ್ನಾನದ ನಂತರವೂ ಮತ್ತೆ ಹಚ್ಚಬೇಕು. ಕೊಬ್ಬರಿ ಎಣ್ಣೆ ಚರ್ಮ ಒಡೆಯದಂತೆ ಕಾಯುತ್ತದೆ, ಸನ್‌ಸ್ಕ್ರೀನಿನ ಕೆಲಸ ಅದರಿಂದಾಗದು.

ಇಷ್ಟೆಲ್ಲ ಮಾಡಿಯೂ ಬೀಡಿ, ಸಿಗರೇಟು ಬಿಡದಿದ್ದರೆ ಅರ್ಧ ಕೆಲಸ ಹಾಗೇ ಉಳಿಯುತ್ತದೆ. ಒಳಗಿನಿಂದಾಗುವ ಹಾನಿಗೆ ಯಾವ ಕ್ರೀಮೂ ತಡೆಯಲ್ಲ. ಹಠದಿಂದ ಒಬ್ಬರೇ ಒದ್ದಾಡಬೇಡಿ: ತಂಬಾಕು ಬಿಡಿಸುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356. ನಿಕೋಟಿನ್ ಚೂಯಿಂಗ್ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಗಳ ಬಗ್ಗೆ ವೈದ್ಯರನ್ನು ಕೇಳಿ. ತುಟಿಯಲ್ಲಾಗಲಿ ಮುಖದಲ್ಲಾಗಲಿ ವಾರಗಟ್ಟಲೆ ಮಾಯದ ಹುಣ್ಣು, ದಿನೇ ದಿನೇ ಬದಲಾಗುವ ಮಚ್ಚೆ ಇದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಚರ್ಮವೈದ್ಯರಿಗೆ ತೋರಿಸಿ.