ಪೊಳ್ಳು ಕೂತ ಟೈಲ್ಸ್: ಅಡುಗೆಮನೆಯ ನೆಲ ಕಿತ್ತು ಮತ್ತೆ ಹಾಕಿದ ಬಗೆ

ಸಿಂಧನೂರಿನ ನಮ್ಮ ಅಡುಗೆಮನೆ ಹತ್ತಡಿಗೆ ಎಂಟಡಿ. ಎರಡಡಿ ಚೌಕದ ವಿಟ್ರಿಫೈಡ್ ಟೈಲ್ಸ್ ಇಪ್ಪತ್ತು, ಬಿರುಕು ಕಂಡದ್ದು ಮೂರರಲ್ಲಿ. ಆ ಮೂರನ್ನಷ್ಟೇ ಬದಲಿಸಿದರೆ ಆರು ತಿಂಗಳಲ್ಲಿ ಪಕ್ಕದ್ದು ಒಡೆಯುತ್ತದೆ. ಅದಕ್ಕೇ ಮೊದಲು ಇಡೀ ನೆಲ ತಟ್ಟಿ ನೋಡಬೇಕು. ಸುತ್ತಿಗೆಯ ಮರದ ಹಿಡಿಯಿಂದ ಪ್ರತಿ ಟೈಲ್‌ನ ನಾಲ್ಕು ಮೂಲೆ, ನಡು, ಅಂಚುಗಳನ್ನು ಮೆಲ್ಲಗೆ ತಟ್ಟುತ್ತ ಹೋದೆ. ಗಟ್ಟಿ ಕೂತಲ್ಲಿ ಸದ್ದು ಮಂದ, ಪೊಳ್ಳಿದ್ದಲ್ಲಿ ಖಾಲಿ ಗಡಿಗೆ ಬಾರಿಸಿದಂತೆ. ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ಒಟ್ಟು ಎಂಟು ಪೊಳ್ಳು.

ಬಿರುಕು ಹೋದ ದಾರಿಯೇ ಕಾರಣ ಹೇಳುತ್ತದೆ. ಮೂಲೆ ಮುರಿದಿದ್ದರೆ ಅದರ ಕೆಳಗೆ ಗಾರೆ ಇಲ್ಲವೆಂದೇ ಲೆಕ್ಕ. ಒಂದೇ ಗೆರೆ ಸಾಲಾಗಿ ಮೂರು ನಾಲ್ಕು ಟೈಲ್ಸ್ ದಾಟಿದ್ದರೆ ಕೆಳಗಿನ ಕಾಂಕ್ರೀಟೇ ಸೀಳಿದೆ. ಎರಡು ಟೈಲ್ಸ್ ಮನೆಯ ಸೂರಿನ ಹಾಗೆ ಎದ್ದು ನಿಂತಿದ್ದರೆ ಗೋಡೆಯ ಬದಿ ಹಿಗ್ಗಲು ಜಾಗ ಬಿಟ್ಟಿಲ್ಲ. ಸ್ಕರ್ಟಿಂಗ್ (ಗೋಡೆಯ ಬುಡದ ಟೈಲ್ ಪಟ್ಟಿ) ಕೆಳಗೆ ಸಂದು ಬಿದ್ದು ನೆಲ ಇಳಿದಿದ್ದರೆ ಒಳಗೆ ತುಂಬಿದ ಗರಸು ಕುಸಿದಿದೆ. ಆಗ ಟೈಲ್ಸ್ ಮುಟ್ಟಿ ಫಲವಿಲ್ಲ, ಕಾಂಕ್ರೀಟ್ ಒಡೆದು ಗರಸನ್ನು ಆರಾರು ಇಂಚಿನ ಪದರವಾಗಿ ನೀರು ಹಾಕಿ ದಮ್ಮಸು ಮಾಡಲೇಬೇಕು.

ನಮ್ಮದು ಮೊದಲ ಜಾತಿಯದು. ಗೌಂಡಿ ಟೈಲ್ ಹಿಂದೆ ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಗುಡ್ಡೆ ಗಾರೆ ಇಟ್ಟು ಒತ್ತಿದ್ದ, ಕೆಲವಕ್ಕೆ ಮೂಲೆಯ ಗುಡ್ಡೆಯೂ ಇರಲಿಲ್ಲ. ಗುಡ್ಡೆಗಳ ನಡುವೆಲ್ಲ ಗಾಳಿ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆ.ಜಿ. ಇರುತ್ತದೆ; ಅದನ್ನು ಅಂಚಿನ ಮೇಲೆ ಉರುಳಿಸಿದಾಗ ಭಾರವೆಲ್ಲ ಒಂದು ಬಿಂದುವಿನ ಮೇಲೆ ಬೀಳುತ್ತದೆ. ಇನ್ನೊಂದು ತಪ್ಪು, ವಿಟ್ರಿಫೈಡ್‌ಗೆ ಬರೀ ಸಿಮೆಂಟ್ ಹಾಲು ಬಳಸಿದ್ದು. ಈ ಟೈಲ್ ತನ್ನ ತೂಕದ ಶೇ. 0.5ರಷ್ಟೂ ನೀರು ಹೀರುವುದಿಲ್ಲ, ಆದ್ದರಿಂದ ಸಿಮೆಂಟ್‌ಗೆ ಹಿಡಿತ ಸಿಗುವುದಿಲ್ಲ. ಕಿತ್ತ ಟೈಲ್‌ಗಳ ಬೆನ್ನು ಒರೆಸಿದ ತಟ್ಟೆಯಂತೆ ಸ್ವಚ್ಛವಾಗಿತ್ತು.

ಕೀಳುವ ಮುಂಚೆ ಸಿಂಕ್‌ನ ಕೊಳವೆ ಪರೀಕ್ಷಿಸಿ. ಹೊರಗಿನ ಚೇಂಬರ್‌ನಲ್ಲಿ ಕೊಳವೆಯ ಬಾಯಿ ಮುಚ್ಚಿ, ಒಳಗಿಂದ ನೀರು ತುಂಬಿ, ಮಟ್ಟ ಗುರುತಿಸಿ ಒಂದು ಗಂಟೆ ಬಿಡಬೇಕು. ಮಟ್ಟ ಇಳಿದರೆ ಕೊಳವೆ ಸೋರುತ್ತಿದೆ. ನಮ್ಮದು ಎರೆಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಕೆಳಗೆ ಸೋರಿಕೆ ಇದ್ದರೆ ಎಂಥ ಒಳ್ಳೆಯ ಕೆಲಸವೂ ನಿಲ್ಲದು.

ಕೀಳುವಾಗ ಚಾಣವನ್ನು ಅಂಚಿನಲ್ಲಿ ಇಡಬಾರದು, ಪಕ್ಕದ ಒಳ್ಳೆಯ ಟೈಲ್ ಚಿಪ್ಪೇಳುತ್ತದೆ. ನಾಲ್ಕಿಂಚಿನ ಗ್ರೈಂಡರ್‌ಗೆ ಡೈಮಂಡ್ ಬ್ಲೇಡ್ ಹಾಕಿ, ಕೆಟ್ಟ ಟೈಲ್‌ನ ಒಳಗೇ ಅಂಚಿನಿಂದ ಒಂದು ಸೆಂಟಿಮೀಟರ್ ಬಿಟ್ಟು ಸುತ್ತಲೂ ಕೊಯ್ದೆ. ನಡುವಿನಿಂದ ಒಡೆಯುತ್ತ ಹೊರಗೆ ಬಂದು, ಉಳಿದ ಪಟ್ಟಿಯನ್ನು ಕೊನೆಗೆ ಒಳಮುಖವಾಗಿ ಎಬ್ಬಿಸಿದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಒಳ್ಳೆಯ ಮಾಸ್ಕ್ ಬೇಕೇ ಬೇಕು; ಆ ಧೂಳು ಶ್ವಾಸಕೋಶಕ್ಕೆ ಕೆಡುಕು.

ಹಳೆಯ ಗಾರೆಯನ್ನು ಪಕ್ಕದ ಟೈಲ್‌ನ ಮೇಲ್ಮೈಯಿಂದ 14 ಮಿ.ಮೀ. ಆಳದವರೆಗೆ ಕೆತ್ತಬೇಕು: ಟೈಲ್‌ಗೆ 9, ಸಿಮೆಂಟ್ ಹಾಲಿನ ಬದಲು ಈ ಸಲ ಬಳಸುವ ಟೈಲ್ ಅಂಟಿಗೆ 5. ಅದಕ್ಕಿಂತ ಆಳವಾದ ತಗ್ಗುಗಳನ್ನು ಅಂಟಿನಿಂದ ತುಂಬಬೇಡಿ, ಒಣಗುವಾಗ ಕುಗ್ಗಿ ಮತ್ತೆ ಪೊಳ್ಳಾಗುತ್ತದೆ. ಒಂದಕ್ಕೆ ನಾಲ್ಕರ ಸಿಮೆಂಟ್-ಉಸುಕಿನ ಗಾರೆಯಲ್ಲಿ ಮಟ್ಟ ಮಾಡಿ ಏಳು ದಿನ ನೀರುಣಿಸಿದೆ. ಆಮೇಲೆ ಧೂಳನ್ನು ಒದ್ದೆ ಬಟ್ಟೆಯಿಂದ ತೆಗೆಯಬೇಕು, ಟೈಲ್ ಬೆನ್ನಿನ ಬಿಳಿ ಪುಡಿಯನ್ನೂ.

ಅಂಟಿನ ಚೀಲದ ಮೇಲೆ ಐಎಸ್ 15477 (ಟೈಲ್ ಅಂಟಿನ ಭಾರತೀಯ ಮಾನಕ) ಎಂದೂ, ವಿಟ್ರಿಫೈಡ್‌ಗೆ ಟೈಪ್ 2 ಅಥವಾ ಮೇಲಿನದೆಂದೂ ನೋಡಿ ತನ್ನಿ. ಎಂಟು ಟೈಲ್ ಎಂದರೆ 32 ಚದರಡಿ; 20 ಕೆ.ಜಿ.ಯ ಒಂದು ಚೀಲ ಸಾಲುವುದಿಲ್ಲ, ಎರಡನೆಯದನ್ನು ಒಡೆಯಬೇಕಾಗುತ್ತದೆ. ನೀರಿನ ಅಳತೆ ಚೀಲದ ಮೇಲಿದ್ದಷ್ಟೇ. ಕಲಸಿ ಐದು ನಿಮಿಷ ಬಿಟ್ಟು ಮತ್ತೊಮ್ಮೆ ತಿರುವಿ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಬೆಳಗ್ಗೆ ಹತ್ತರೊಳಗೆ ಕೆಲಸ ಮುಗಿಸಬೇಕು, ಒಂದು ಸಲಕ್ಕೆ ಕಾಲು ಚೀಲವಷ್ಟೇ ಕಲಸಬೇಕು. ಹಾಸಿದ ಅಂಟನ್ನು ಬೆರಳಿನಿಂದ ಮುಟ್ಟಿದರೆ ಮೆತ್ತಬೇಕು. ಮೆತ್ತದಿದ್ದರೆ ಮೇಲೆ ಕೆನೆಗಟ್ಟಿದೆ. ಕೆರೆದು ಬಿಸಾಡಿ, ನೀರು ಚಿಮುಕಿಸಬೇಡಿ.

10 ಮಿ.ಮೀ. ಹಲ್ಲಿನ ಕರಣೆಯಿಂದ ನೆಲದ ಮೇಲೆ ಒಂದೇ ದಿಕ್ಕಿಗೆ ಗೆರೆ ಎಳೆದು, ಟೈಲ್‌ನ ಬೆನ್ನಿಗೂ ತೆಳ್ಳಗೆ ಸವರಿ, ಗೆರೆಗಳಿಗೆ ಅಡ್ಡವಾಗಿ ಅಲುಗಾಡಿಸುತ್ತ ಒತ್ತಬೇಕು. ಆಗ ಗಾಳಿ ಹೊರಬೀಳುತ್ತದೆ. ಮೊದಲ ಟೈಲನ್ನು ಕೂರಿಸಿದ ಕೂಡಲೇ ಎತ್ತಿ ನೋಡಿದೆ: ಎಡ ಮೂಲೆ ಬರಿದು. ಇನ್ನಷ್ಟು ಅಂಟು ಕೊಟ್ಟು ಮತ್ತೆ ಕೂರಿಸಿದೆ. ಈ ಎತ್ತಿ ನೋಡುವ ಕೆಲಸಕ್ಕೆ ಗೌಂಡಿ ಬೇಸರಿಸಿದರೂ ಬಿಡಬೇಡಿ. ಟೈಲ್ಸ್ ನಡುವೆ ಸಂದು ಸಮ ಇರಲು 2 ಮಿ.ಮೀ. ಸ್ಪೇಸರ್ ತುಂಡುಗಳು, ಗೋಡೆಯ ಬದಿ 5 ಮಿ.ಮೀ. ಸಂದು. ಗೋಡೆ ಬದಿಗೆ ಸಿಮೆಂಟ್ ತುಂಬದೆ ಸಿಲಿಕಾನ್ ಸೀಲಂಟ್ ಹಾಕಿದೆ, ನೆಲ ಹಿಗ್ಗಿದರೂ ಅದು ಸಹಿಸುತ್ತದೆ.

24 ಗಂಟೆ ಕಾಲಿಡಬಾರದು. ಆಮೇಲೆ ಸಂದುಗಳಿಗೆ ಎಪಾಕ್ಸಿ ಗ್ರೌಟ್ (ಸಂದು ತುಂಬುವ ರಾಳದ ಲೇಪ). ಎಣ್ಣೆ, ಅರಿಸಿನ, ಹುಣಸೆ ಬೀಳುವ ಜಾಗಕ್ಕೆ ಸಿಮೆಂಟ್ ಗ್ರೌಟ್ ಬೇಗ ಕಪ್ಪಾಗುತ್ತದೆ. ಒಂದು ಕೆ.ಜಿ. ಸಾಕು, ಮಿಗುತ್ತದೆ. ಹೆಚ್ಚಾದದ್ದನ್ನು ಕೂಡಲೇ ಒರೆಸಿ, ಗಟ್ಟಿಯಾದರೆ ಬಿಡದು. ಫ್ರಿಜ್, ಸಿಲಿಂಡರ್‌ಗಳನ್ನು ಏಳು ದಿನದ ನಂತರ ಪ್ಲೈವುಡ್ ಹಲಗೆಯ ಮೇಲೆ ಜಾರಿಸಿ ಒಳತಂದೆ. ಉಳಿದ ಎರಡು ಟೈಲ್ಸ್‌ನ್ನು ಡಬ್ಬಿಯ ಬ್ಯಾಚ್ ನಂಬರ್ ಸಮೇತ ಅಟ್ಟದಲ್ಲಿಟ್ಟಿದ್ದೇನೆ. ಬ್ಯಾಚ್ ಬದಲಾದರೆ ಬಣ್ಣವೂ ಅಳತೆಯೂ ಕೂಡಿಬರುವುದಿಲ್ಲ.