ಹಾಸಿಗೆ ಹಿಡಿದ ರೋಗಿ ನಿಮ್ಮ ಪಾಲಿಗೆ ಬಂದಾಗ

ಮಂಗಳೂರು, ಉಡುಪಿ, ಮಣಿಪಾಲದ ಆಸ್ಪತ್ರೆಗಳಿಗೆ ಹೊಸದಾಗಿ ಸೇರುವ ನರ್ಸ್‌ಗಳಿಗೆ ಇಂಜೆಕ್ಷನ್ ಕೊಡುವುದು, ಡ್ರಿಪ್ ಲೆಕ್ಕ ಹಾಕುವುದು ಕಾಲೇಜಿನಲ್ಲೇ ಬಂದಿರುತ್ತದೆ. ಅವರು ತಡವರಿಸುವುದು ಪಾರ್ಶ್ವವಾಯುವಿನಿಂದ ಎಡಗೈ, ಎಡಗಾಲು ಬಿದ್ದುಹೋದ, ಮೂಗಿನಲ್ಲಿ ನಳಿಕೆ, ಮೂತ್ರಕ್ಕೆ ಕ್ಯಾಥೆಟರ್ ಇರುವ ಅಜ್ಜಿಯೊಬ್ಬರು ಬೆಡ್ಡಿಗೆ ಬಂದಾಗ. ಔಷಧ ಡಾಕ್ಟರ್ ಬರೆದಿರುತ್ತಾರೆ. ಆದರೆ ಅಜ್ಜಿಯ ಬೆನ್ನಿನ ಚರ್ಮ, ಬಾಯಿ, ಶ್ವಾಸಕೋಶ ಕೆಡದೆ ಉಳಿಯಬೇಕಿದ್ದರೆ ಮೂರೂ ಪಾಳಿಯ ನರ್ಸ್‌ಗಳ ಕೈ ಅದಕ್ಕೆ ದುಡಿಯಬೇಕು.

ಮೊದಲು ಮಾತು

ಇಲ್ಲಿನ ವಾರ್ಡಿಗೆ ತುಳು, ಕೊಂಕಣಿ, ಬ್ಯಾರಿ ಮಾತಾಡುವವರು, ಕಾಸರಗೋಡಿನ ಮಲಯಾಳಿಗಳು, ಘಟ್ಟದ ಮೇಲಿನವರು ಎಲ್ಲರೂ ಬರುತ್ತಾರೆ. ಸ್ಟ್ರೋಕ್ ಆದ ಕೆಲವರಿಗೆ ಆಮೇಲೆ ಕಲಿತ ಭಾಷೆ ಹಿಂದೆ ಸರಿದು ಮನೆಮಾತಷ್ಟೇ ಉಳಿಯುವುದೂ ಉಂಟು. ಹಾಗಾಗಿ ನಾಲ್ಕು ಮಾತಾದರೂ ಕಲಿತುಕೊಳ್ಳಿ. ನೋವಿದೆಯಾ ಎಂದು ಕೇಳಲು ತುಳುವಿನಲ್ಲಿ ‘ಬೇನೆ ಉಂಡಾ?’, ಮಲಯಾಳದಲ್ಲಿ ‘ವೇದನ ಉಂಡೋ?’, ಎಲ್ಲಿ ನೋವು ಎಂದು ಕೊಂಕಣಿಯಲ್ಲಿ ಕೇಳಲು ‘ಖಂಯ್ ದುಕ್ತಾ?’. ತುಳುವರು ‘ಬಂಙ ಆಪುಂಡು’ ಎಂದ ಕೂಡಲೇ ನೋವು ಎಂದು ಬರೆದುಬಿಡಬೇಡಿ. ಉಸಿರು ಕಟ್ಟಿದರೂ, ಸುಸ್ತಾದರೂ, ಕ್ಯಾಥೆಟರ್ ಕಟ್ಟಿಕೊಂಡು ಹೊಟ್ಟೆ ಬಿಗಿದರೂ ಅವರ ಬಾಯಿಗೆ ಬರುವುದು ಅದೇ ಮಾತು. ಕೈಯಿಟ್ಟು ತೋರಿಸಲು ಹೇಳಿ, ಆಮೇಲೆ ಮೂತ್ರದ ಚೀಲವನ್ನೂ ಉಸಿರಿನ ಲೆಕ್ಕವನ್ನೂ ನೋಡಿ.

ಪ್ರಜ್ಞೆ ಇಲ್ಲದವರಿಗೂ ‘ಅಮ್ಮ, ಈಗ ಬಲಕ್ಕೆ ತಿರುಗಿಸ್ತೇವೆ’ ಎಂದು ಹೇಳಿಯೇ ಮೈ ಮುಟ್ಟಿ. ಪರದೆ ಎಳೆದು, ಆಗ ತೊಳೆಯುವ ಭಾಗವನ್ನಷ್ಟೇ ತೆರೆದು, ಉಳಿದದ್ದಕ್ಕೆ ಬಟ್ಟೆ ಹೊದಿಸಿ. ವಾರ್ಡು ತುಂಬಿದ ದಿನ ಮೊದಲು ಬಿಟ್ಟುಹೋಗುವುದು ಈ ಪರದೆಯೇ. ಅದನ್ನು ಎಳೆಯಲು ಐದು ಸೆಕೆಂಡ್ ಸಾಕು.

ಚರ್ಮ: ಎರಡು ಗಂಟೆಯ ಲೆಕ್ಕ

ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯುವುದು ನಿಂತು ಒತ್ತಡದ ಹುಣ್ಣು ಆಗುತ್ತದೆ. ಬೆನ್ನಿನ ತಳದ ಮೂಳೆ, ಹಿಮ್ಮಡಿ, ಸೊಂಟದ ಪಕ್ಕ, ಮೊಣಕೈ, ಭುಜದ ಹಲಗೆ, ತಲೆಯ ಹಿಂಭಾಗ, ಕಿವಿಯ ಅಂಚು: ಅಡ್ಮಿಷನ್ ಆದ ದಿನವೇ ಇವಿಷ್ಟನ್ನೂ ನೋಡಿ ಬರೆದಿಡಿ. ಬಂದಾಗಲೇ ಇದ್ದ ಹುಣ್ಣನ್ನು ಬರೆದಿಡದಿದ್ದರೆ ಅದು ವಾರ್ಡಿನಲ್ಲಿ ಆದದ್ದೆಂದು ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಹುಣ್ಣು ದೊಡ್ಡದಾಗುತ್ತಿದೆಯೋ ಮಾಯುತ್ತಿದೆಯೋ ಎಂದು ಮುಂದಿನ ಪಾಳಿಯವರಿಗೆ ತಿಳಿಯುವುದಿಲ್ಲ. ಹುಣ್ಣಾಗುವ ಅಪಾಯ ಎಷ್ಟೆಂದು ಅಳೆಯುವ ಬ್ರೇಡನ್ ಅಂಕ 6ರಿಂದ 23ರವರೆಗೆ ಇರುತ್ತದೆ. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯ ಇದೆ ಎಂದರ್ಥ.

ಮೊದಲ ಹಂತದ ಗುರುತು ಬೆರಳಿನಿಂದ ಒತ್ತಿದರೂ ಬಿಳಿಚದ ಕೆಂಪು. ನಮ್ಮ ಕಡೆಯ ಕಪ್ಪು ಮೈಬಣ್ಣದವರಲ್ಲಿ ಆ ಕೆಂಪು ಕಾಣದೇ ಇರಬಹುದು. ಕೈಯ ಹಿಂಭಾಗ ತಾಗಿಸಿ ನೋಡಿ: ಸುತ್ತಲಿನ ಚರ್ಮಕ್ಕಿಂತ ಬಿಸಿಯೋ, ಗಟ್ಟಿಯೋ, ಮೆತ್ತಗಾಗಿದೆಯೋ, ಮುಟ್ಟಿದರೆ ಅಜ್ಜಿ ಮುಖ ಹಿಂಡುತ್ತಾರೋ. ಬಣ್ಣ ಕೆಂಪಿನ ಬದಲು ನೇರಳೆಯ ಹಾಗೆ ಕಾಣಬಹುದು.

ಎರಡು ಗಂಟೆಗೊಮ್ಮೆ ತಿರುಗಿಸುವ ಕ್ರಮ ಹೀಗೆ. ಮಂಚದ ಗಾಲಿಗೆ ಬ್ರೇಕ್ ಹಾಕಿ, ಮಂಚವನ್ನು ನಿಮ್ಮ ಸೊಂಟದ ಮಟ್ಟಕ್ಕೆ ಏರಿಸಿ. ಇಬ್ಬರು ಬೇಕು. ರೋಗಿಯ ಮೈಯಡಿಗೆ ಅಡ್ಡ ಹಾಸಿದ ಡ್ರಾ ಶೀಟನ್ನು ಇಬ್ಬರೂ ಎರಡು ಬದಿಯಿಂದ ಹಿಡಿದು, ಎತ್ತಿ, ತಿರುಗಿಸುವ ದಿಕ್ಕಿನ ಎದುರು ಬದಿಗೆ ಸರಿಸಿ. ಹಾಸಿಗೆಯ ಮೇಲೆ ಎಳೆದರೆ ಚರ್ಮ ಅಲ್ಲೇ ಅಂಟಿಕೊಂಡು ಒಳಗಿನ ಮೂಳೆ ಮಾತ್ರ ಜರುಗುತ್ತದೆ, ನಡುವಿನ ರಕ್ತನಾಳ ಕಿತ್ತುಹೋಗುತ್ತದೆ. ತಿರುಗಿದ ಮೇಲೆ ಕೆಳಕ್ಕೆ ಬರುವ ಕೈಯನ್ನು ಮೈಯಿಂದ ದೂರ ಇಟ್ಟು, ಮೇಲಿನ ಕಾಲನ್ನು ಮಂಡಿಯಲ್ಲಿ ಮಡಚಿ, ಭುಜ ಮತ್ತು ಸೊಂಟ ಎರಡಕ್ಕೂ ಕೈಯಿಟ್ಟು ಒಟ್ಟಿಗೆ ಹೊರಳಿಸಿ. ಬಿದ್ದುಹೋದ ಕೈಯನ್ನು ಹಿಡಿದು ಎಂದೂ ಎಳೆಯಬಾರದು. ಸ್ನಾಯು ಸಡಿಲವಾಗಿರುವುದರಿಂದ ಭುಜದ ಕೀಲು ಜಾರಿ, ತಿಂಗಳುಗಟ್ಟಲೆ ನೋವು ಉಳಿಯುತ್ತದೆ.

ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಮೂಳೆಯ ಮೇಲೆ. ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿ ಮಾತ್ರ ವಾಲಿಸಿ. ಮಂಡಿಗಳ ನಡುವೆ ಒಂದು ದಿಂಬು. ಅಂಗಾತ ಮಲಗಿಸಿದಾಗ ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿ. ಹಿಮ್ಮಡಿಯ ಅಡಿಗೇ ದಿಂಬು ಇಡುವುದು ತಪ್ಪು. ಕೊನೆಯಲ್ಲಿ ಕಿವಿ ಮಡಚಿಲ್ಲವೇ, ಕ್ಯಾಥೆಟರ್ ಟ್ಯೂಬ್ ತೊಡೆಯ ಕೆಳಗೆ ಸಿಕ್ಕಿಲ್ಲವೇ, ಮೂತ್ರದ ಚೀಲ ಮೂತ್ರಕೋಶಕ್ಕಿಂತ ಕೆಳಗಿದ್ದೂ ನೆಲಕ್ಕೆ ತಾಗದೆ ಇದೆಯೇ ನೋಡಿ. ಚಾರ್ಟಿನಲ್ಲಿ ‘ಪೊಸಿಷನ್ ಬದಲಿಸಲಾಗಿದೆ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘6 ಗಂಟೆ ಬಲ, 8 ಅಂಗಾತ, 10 ಎಡ’ ಎಂದು ಬರೆಯಿರಿ.

ಬೇಡದ್ದು ಕೆಲವಿವೆ. ಕೆಂಪಾದ ಮೂಳೆಯ ಮೇಲೆ ತಿಕ್ಕಿ ಮಸಾಜ್ ಮಾಡಬಾರದು, ಮೊದಲೇ ನೊಂದ ಸಣ್ಣ ರಕ್ತನಾಳ ಇನ್ನಷ್ಟು ಒಡೆಯುತ್ತದೆ. ಸ್ಪಿರಿಟ್ ಚರ್ಮ ಒಣಗಿಸಿ ಬಿರುಕು ತರುತ್ತದೆ. ನಡುವೆ ತೂತಿರುವ ಗಾಳಿ ರಿಂಗ್ ಸುತ್ತಲಿನ ಚರ್ಮವನ್ನೇ ಒತ್ತಿ ನಡುವಿನ ಭಾಗಕ್ಕೆ ರಕ್ತ ಹೋಗದಂತೆ ಮಾಡುತ್ತದೆ. ಪೌಡರ್ ಬೆವರಿನಲ್ಲಿ ನೆನೆದು ಗಂಟು ಕಟ್ಟಿ ಮರಳಿನ ಹಾಗೆ ಉಜ್ಜುತ್ತದೆ. ಕರಾವಳಿಯಲ್ಲಿ ಈ ಬೆವರಿನ ಕಾಟ ವರ್ಷವಿಡೀ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರೆ ಒಣಗಿದ ಬೆಡ್‌ಶೀಟ್ ಬೇರೆ. ರಬ್ಬರ್ ಶೀಟ್ ನೇರವಾಗಿ ಮೈಗೆ ತಾಗದಂತೆ ಮೇಲೆ ಹತ್ತಿಯ ಬಟ್ಟೆ ಹಾಸಿ, ತಿರುಗಿಸುವಾಗಲೆಲ್ಲ ಡೈಪರ್ ನೋಡಿ. ಒದ್ದೆಯಾಗಿದ್ದರೆ ಉಗುರುಬೆಚ್ಚನೆ ನೀರಲ್ಲಿ ತೊಳೆದು, ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಕ್ರೀಮ್ ತೆಳ್ಳಗೆ ಹಚ್ಚಿ.

ಗಾಳಿ ಹಾಸಿಗೆ ಇದ್ದರೂ ತಿರುಗಿಸುವುದು ತಪ್ಪುವುದಿಲ್ಲ. ಹಾಸಿಗೆಯ ಅಡಿಗೆ, ಬೆನ್ನಿನ ತಳದ ನೇರಕ್ಕೆ ಅಂಗೈ ತೂರಿಸಿ ನೋಡಿ. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು.

ನಳಿಕೆಯ ಊಟ ಮತ್ತು ಗಂಜಿ

ಪ್ರತಿ ಸಲ ಕೊಡುವ ಮೊದಲು ನಳಿಕೆಯ ಮೇಲೆ ಮೂಗಿನ ಹತ್ತಿರ ಇರುವ ಗುರುತು ಜರುಗಿಲ್ಲವೇ ನೋಡಿ, ಜಠರದ ದ್ರವ ಎಳೆದು ಪರೀಕ್ಷಿಸಿ. ಪಿಎಚ್ (ಆಮ್ಲತೆಯ ಅಳತೆ) 5.5 ಅಥವಾ ಕಡಿಮೆ ಇದ್ದರೆ ನಳಿಕೆ ಜಠರದಲ್ಲಿದೆ ಎಂದು ನಂಬಬಹುದು. ಗಾಳಿ ಊದಿ ಸ್ಟೆತಸ್ಕೋಪಿನಲ್ಲಿ ಸದ್ದು ಕೇಳುವ ಹಳೆಯ ಪದ್ಧತಿಯನ್ನೇ ನಂಬಬೇಡಿ, ನಳಿಕೆ ಶ್ವಾಸನಾಳದಲ್ಲಿದ್ದರೂ ಅಂಥದೇ ಸದ್ದು ಬರುತ್ತದೆ. ತಲೆಭಾಗ 30ರಿಂದ 45 ಡಿಗ್ರಿ ಏರಿಸಿ. ಮೊದಲು 30 ಮಿಲಿ ನೀರು, ಆಮೇಲೆ ಡಯಟಿಷಿಯನ್ ಬರೆದಷ್ಟು ಆಹಾರ (ಸಾಮಾನ್ಯವಾಗಿ ಒಂದು ಸಲಕ್ಕೆ 200ರಿಂದ 250 ಮಿಲಿ), ಕೊನೆಗೆ ಮತ್ತೆ 30 ಮಿಲಿ ನೀರು. ಸಿರಿಂಜಿನ ಪಿಸ್ಟನ್ ತೆಗೆದು, ತನ್ನಷ್ಟಕ್ಕೆ ಇಳಿಯಲು ಬಿಡಿ. ಆದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ತಲೆ ಇಳಿಸಬೇಡಿ. ತಲೆ ಏರಿಸಿದಾಗ ಮೈ ಕೆಳಕ್ಕೆ ಜಾರಿ ಬೆನ್ನಿನ ತಳ ಉಜ್ಜುತ್ತದೆ, ಆದ್ದರಿಂದ ಮಂಡಿಯ ಕೆಳಭಾಗವನ್ನು ಮೊದಲು ಸ್ವಲ್ಪ ಎತ್ತಿ.

ಮನೆಯವರು ಕುಚ್ಚಲಕ್ಕಿ ಗಂಜಿತಿಳಿ ತಂದು ಕೊಡುತ್ತಾರೆ. ಪ್ರೀತಿಯಿಂದ ತಂದದ್ದು, ಬೇಡ ಎಂದು ಗದರಬಾರದು. ಎರಡು ವಿಷಯ ತಿಳಿಸಿ ಹೇಳಿ. ಗಂಜಿತಿಳಿಯಲ್ಲಿ ಪ್ರೊಟೀನ್ ತೀರಾ ಕಡಿಮೆ. ಹುಣ್ಣಿನ ಅಪಾಯ ಇರುವವರಿಗೆ, ಕಿಡ್ನಿ ತೊಂದರೆ ಇಲ್ಲದಿದ್ದರೆ, ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.25ರಿಂದ 1.5 ಗ್ರಾಂ ಬೇಕು. 50 ಕಿಲೋ ಅಜ್ಜಿಗೆ ಅದು 62ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ ಎಂದರೆ ಲೆಕ್ಕ ಅವರಿಗೇ ಅರ್ಥವಾಗುತ್ತದೆ. ಎರಡನೆಯದು, ನಳಿಕೆ ತೆಗೆದು ಬಾಯಿಯಿಂದ ಕೊಡಲು ಶುರುಮಾಡಿದ ದಿನ ಬರುವ ಅಪಾಯ. ಗಂಜಿಯಲ್ಲಿ ನೀರೂ ಅಗುಳೂ ಒಟ್ಟಿಗಿರುತ್ತವೆ. ನುಂಗುವ ಶಕ್ತಿ ಕುಂದಿದವರು ಅಗುಳು ಅಗಿಯುವಷ್ಟರಲ್ಲಿ ನೀರು ಗಂಟಲಿಗಿಳಿದು ಶ್ವಾಸನಾಳ ಸೇರುತ್ತದೆ. ನುಂಗುವ ಪರೀಕ್ಷೆ ಆದ ಮೇಲೆ, ಗಂಜಿಯನ್ನು ಒಂದೇ ಹದಕ್ಕೆ ನುಣ್ಣಗೆ ಅರೆದು, ನೇರ ಕೂರಿಸಿ, ಗದ್ದ ತುಸು ಕೆಳಗೆ ಮಾಡಿ, ಟೀ ಚಮಚದಲ್ಲಿ ಕೊಡಲಿ. ನುಂಗಿದ ಮೇಲೆ ಸ್ವರ ಒದ್ದೆಯಾಗಿ ಗೊರಗೊರ ಎಂದರೆ ನಿಲ್ಲಿಸಬೇಕು. ಕೆಮ್ಮೇ ಬಾರದೆ ಒಳಗೆ ಹೋಗುವುದೂ ಉಂಟು. ಬಾಯಿಯಿಂದ ಏನೂ ಕೊಡದವರಿಗೂ ದಿನಕ್ಕೆ ಎರಡು ಸಲ ಮೆತ್ತಗಿನ ಬ್ರಷ್‌ನಲ್ಲಿ ಬಾಯಿ ಶುಚಿ ಮಾಡಿ, ಅಲ್ಲಿ ಬೆಳೆದ ಕ್ರಿಮಿಯೇ ಎಂಜಲಿನೊಂದಿಗೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ತದೆ.

ಬೈಸ್ಟ್ಯಾಂಡರ್‌ಗೆ (ರೋಗಿಯ ಜೊತೆ ಇರುವವರಿಗೆ) ಕಲಿಸುವುದು

ಡಿಸ್ಚಾರ್ಜ್ ದಿನ ಬಿಲ್ಲು, ಔಷಧ, ಆಂಬ್ಯುಲೆನ್ಸ್ ಗಡಿಬಿಡಿಯಲ್ಲಿ ಹೇಳಿದ್ದು ಯಾರ ತಲೆಗೂ ಹೋಗುವುದಿಲ್ಲ. ಎರಡು ಮೂರು ದಿನ ಮೊದಲೇ ಶುರುಮಾಡಿ. ಮಗ ದುಬೈಯಲ್ಲಿ, ಮಗಳು ಬೆಂಗಳೂರಿನಲ್ಲಿ, ರಾತ್ರಿ ಹಗಲು ನೋಡುವವರು ಸೊಸೆ ಅಥವಾ ಕೆಲಸದ ಹುಡುಗಿ ಎಂಬ ಮನೆಗಳೇ ಇಲ್ಲಿ ಹೆಚ್ಚು ಸಿಗುತ್ತವೆ. ಫೋನಿನಲ್ಲಿ ಹೆಚ್ಚು ಮಾತಾಡುವವರಿಗೆ ಕಲಿಸಿ ಪ್ರಯೋಜನವಿಲ್ಲ, ಮನೆಯಲ್ಲಿ ಮೈ ತೊಳೆಯುವ ಕೈ ಯಾರದೋ ಅವರಿಗೆ ಕಲಿಸಿ. ಮೊದಲ ದಿನ ನೀವು ಮಾಡಿ ತೋರಿಸಿ, ಎರಡನೇ ದಿನ ಒಟ್ಟಿಗೆ ಮಾಡಿ, ಮೂರನೇ ದಿನ ನೀವು ಕೈಕಟ್ಟಿ ನಿಂತು ನೋಡಿ. ‘ಗೊತ್ತಾಯ್ತಾ?’ ಎಂದರೆ ಎಲ್ಲರೂ ಗೊತ್ತಾಯ್ತು ಎನ್ನುತ್ತಾರೆ. ‘ಅಕ್ಕ, ಊಟ ಕೊಡುವ ಮೊದಲು ಏನೇನು ನೋಡ್ತೀರಿ, ಒಮ್ಮೆ ಹೇಳಿ’ ಎಂದು ಕೇಳಿ.

ಮಳೆಗಾಲದಲ್ಲಿ ಕರೆಂಟ್ ಹೋದರೆ ಗಾಳಿ ಹಾಸಿಗೆ ಇಳಿಯುತ್ತದೆ ಎಂದೂ ತಿಳಿಸಿ, ಕೆಳಗೆ ದಪ್ಪ ಫೋಮ್ ಹಾಸಿಗೆ ಇರಲೇಬೇಕು. ಜ್ವರ, ಮೂತ್ರ ಕದಡಿ ವಾಸನೆ ಬರುವುದು, ಚೀಲಕ್ಕೆ ನಾಲ್ಕು ಗಂಟೆ ಹೊತ್ತು ಮೂತ್ರವೇ ಬಾರದಿರುವುದು, ಚರ್ಮದಲ್ಲಿ ಗುಳ್ಳೆ ಅಥವಾ ಕಪ್ಪು: ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಆಸ್ಪತ್ರೆಗೆ ಬರಬೇಕು. ಗುಳ್ಳೆ ಒಡೆಯಬಾರದು, ಹಿಮ್ಮಡಿಯ ಒಣ ಕಪ್ಪು ಹಕ್ಕಳೆ ಕೀಳಬಾರದು.

ಮುಂದೇನು ಎಂದು ಯೋಚಿಸುವಾಗ

ಈ ಕೆಲಸಕ್ಕೆ ನಿಮ್ಮ ಬೆನ್ನೂ ಬೇಕು. ಒಬ್ಬರೇ ಎತ್ತಿ ಡಿಸ್ಕ್ ಜಾರಿದ ಮೇಲೆ ಕರಿಯರ್ ಬಗ್ಗೆ ಯೋಚಿಸಲು ಹೆಚ್ಚೇನೂ ಉಳಿಯುವುದಿಲ್ಲ, ಎರಡನೆಯವರು ಬರುವ ತನಕ ಕಾಯುವುದು ಸೋಮಾರಿತನವಲ್ಲ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೂರು ವರ್ಷ ಓದಿ ಬಂದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಗಲ್ಫ್‌ಗೆ ಹೋಗುವವರಿಗೆ ಸಾಮಾನ್ಯವಾಗಿ ಎರಡು ವರ್ಷದ ಅನುಭವ, ಲೈಸೆನ್ಸ್ ಪರೀಕ್ಷೆ, ದಾಖಲೆ ಪರಿಶೀಲನೆ ಬೇಕು. ಬ್ರಿಟನ್‌ಗೆ ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ, ಆಮೇಲೆ ಕಂಪ್ಯೂಟರಿನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆ ಮತ್ತು ಅಲ್ಲಿಗೆ ಹೋಗಿ ಕೊಡುವ ಪ್ರಾಯೋಗಿಕ ಪರೀಕ್ಷೆ. ಕೆಲಸ ಕೊಡಿಸುವ ಏಜೆನ್ಸಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತವೇ ಎಂದು ನೋಡಿಯೇ ಹಣ, ಪಾಸ್‌ಪೋರ್ಟ್ ಮಾತಾಡಿ. ಮೂಲ ಸರ್ಟಿಫಿಕೇಟ್ ಯಾರ ಕೈಗೂ ಬಿಟ್ಟುಕೊಡಬೇಡಿ.

ಊರಲ್ಲೇ ಉಳಿಯಬೇಕೆನ್ನುವವರು ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಯನ್ನು ಕಡೆಗಣಿಸದಿರಿ. ಉಪಕೇಂದ್ರದಲ್ಲಿ ಕೂತು ಬಿಪಿ, ಸಕ್ಕರೆ ನೋಡುವುದರ ಜೊತೆಗೆ ವೃದ್ಧರ ಆರೈಕೆ, ಉಪಶಾಮಕ ಆರೈಕೆಯೂ (ಗಂಭೀರ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ) ಅವರ ಕೆಲಸದ ಪಟ್ಟಿಯಲ್ಲಿದೆ. ವಾರ್ಡಿನಿಂದ ಮನೆಗೆ ಹೋದ ಆ ಅಜ್ಜಿಯ ಹಿಮ್ಮಡಿ ಎತ್ತಿ ನೋಡಲು ಗದ್ದೆಯ ಬದುವಿನ ಮೇಲೆ ನಡೆದು ಹೋಗುವ ನರ್ಸ್‌ಗಳು ಅವರು.