ಫಾರಿನ್ ಟ್ರಿಪ್‌ನಲ್ಲಿ ವಿಮಾನ ಮ್ಯೂಸಿಯಂಗೆ ಒಂದಿನ ಹೊಂದಿಸ್ಕೊಳ್ಳೋದು ಹೇಗೆ

ಮಗನ ಮನೆ, ಮಗಳ ಬಾಣಂತನ, ಆಫೀಸ್ ಕೆಲ್ಸ, ಯುರೋಪ್ ಟೂರ್ ಪ್ಯಾಕೇಜು, ನೆಪ ಏನೇ ಇರ್ಲಿ, ಹೊರದೇಶಕ್ಕೆ ಹೋದ್ರೆ ಒಂದು ವಿಮಾನ ಮ್ಯೂಸಿಯಂ ನೋಡ್ಕೊಂಡೇ ಬರೋ ಚಟ ನಂದು. "ಹೋಗುವಾಗ್ಲೂ ವಿಮಾನ, ಬರುವಾಗ್ಲೂ ವಿಮಾನ, ಮಧ್ಯದಲ್ಲೂ ವಿಮಾನಾನೇ ನೋಡ್ಬೇಕಾ ನಿಮ್ಗೆ" ಅಂತ ಮನೇಲಿ ಬೈಸ್ಕೊಂಡಿದೀನಿ, ಆದ್ರೂ ಬಿಟ್ಟಿಲ್ಲ. ಇದೇ ಹುಚ್ಚಿರೋರು ಇನ್ನೂ ಒಂದಿಷ್ಟು ಜನ ಇರ್ತೀರ ಅನ್ನೋ ಧೈರ್ಯದ ಮೇಲೆ ಬರೀತಾ ಇದೀನಿ.

ಮೊದಲ್ನೇ ಮಾತು, ಮ್ಯೂಸಿಯಂ ಹುಡ್ಕೊಂಡು ಊರಿಗೆ ಹೋಗ್ಬೇಡಿ, ಹೋಗೋ ಊರಿನ ಪಕ್ಕ ಯಾವ ಮ್ಯೂಸಿಯಂ ಇದೆ ಅಂತ ನೋಡಿ. ಎರಡ್ನೇದು, ಹೊರಡೋಕೆ ಮುಂಚೆ ಬೆಂಗ್ಳೂರಿನ ಎಚ್‌ಎಎಲ್ (ವಿಮಾನ ಮಾಡೋ ನಮ್ಮ ಸರ್ಕಾರಿ ಕಂಪ್ನಿ ಹಿಂದೂಸ್ತಾನ್ ಏರೋನಾಟಿಕ್ಸ್) ಮ್ಯೂಸಿಯಂಗೆ ಒಂದ್ ಸಲ ಹೋಗ್ಬಂದ್ಬಿಡಿ. 2001ರಲ್ಲಿ ಶುರುವಾಗಿದ್ದು, ಹಳೇ ಏರ್‌ಪೋರ್ಟ್ ಕಡೆನೇ ಇದೆ, ಅರ್ಧ ದಿನ ಸಾಕು. ಯಾಕೆ ಹೇಳ್ತಿದೀನಿ ಅಂದ್ರೆ, ಅಲ್ಲಿ ಎಚ್‌ಎಎಲ್ ಕಥೆ ತಿಳ್ಕೊಂಡು ಹೋದ್ರೆ ಲಂಡನ್ನಲ್ಲೋ ಮ್ಯೂನಿಕ್ಕಲ್ಲೋ ನಮ್ಮೂರಿನ ಗುರುತು ಸಿಕ್ಕಾಗ ಮಜಾನೇ ಬೇರೆ.

ಲಂಡನ್ನಿಂದಾನೇ ಶುರು ಮಾಡ್ತೀನಿ. ಆರ್‌ಎಎಫ್ ಅಂದ್ರೆ ಬ್ರಿಟಿಷ್ ವಾಯುಪಡೆ, ಅದ್ರ ಮ್ಯೂಸಿಯಂ ಹೆಂಡನ್ ಅನ್ನೋ ಕಡೆ ಇದೆ, ಎಂಟ್ರಿ ಫ್ರೀ. ಟ್ಯೂಬ್ ಅನ್ನೋ ಅಲ್ಲಿನ ಮೆಟ್ರೋದ ನಾರ್ದರ್ನ್ ಲೈನ್ ಹಿಡ್ದು ಕೊಲಿಂಡೇಲ್ ಸ್ಟೇಷನ್ನಲ್ಲಿ ಇಳೀಬೇಕು, ಅಲ್ಲಿಂದ ಒಂದ್ ಹತ್ತು ಹದಿನೈದ್ ನಿಮಿಷ ನಡೆದ್ರೆ ಆಯ್ತು. ಆದ್ರೆ ಹುಷಾರು, ಈ ಲೈನ್ ಕ್ಯಾಮ್ಡೆನ್ ಟೌನ್ ಹತ್ರ ಎರಡಾಗಿ ಒಡ್ಯುತ್ತೆ, ಎಜ್ವೇರ್ ಅಂತ ಬೋರ್ಡ್ ಇರೋ ರೈಲನ್ನೇ ಹತ್ತಿ, ನಾನು ಮೊದಲ್ನೇ ಸಲ ಮಾತಾಡ್ತಾ ಮಾತಾಡ್ತಾ ಹೈ ಬಾರ್ನೆಟ್ ಕಡೆ ಹೋಗ್ಬಿಟ್ಟು ಮುಕ್ಕಾಲ್ ಗಂಟೆ ದಂಡ ಆಯ್ತು.

ಅಲ್ಲಿ ಎಲ್ರೂ ಎರಡ್ನೇ ಮಹಾಯುದ್ಧದ ಫೇಮಸ್ ವಿಮಾನಗಳಾದ ಸ್ಪಿಟ್‌ಫೈರ್, ಲ್ಯಾಂಕಾಸ್ಟರ್ ಮುಂದೆ ನಿಂತಿರ್ತಾರೆ, ನೀವು ಅದನ್ನೂ ನೋಡಿ, ಆದ್ರೆ ಹುಡುಕ್ಬೇಕಾಗಿರೋದು ಬಿ-24 ಲಿಬರೇಟರ್ ಅನ್ನೋ ನಾಲ್ಕ್ ಎಂಜಿನ್ನಿನ ದೊಡ್ಡ ಬಾಂಬರ್ರು. ಎರಡ್ನೇ ಮಹಾಯುದ್ಧ ಮುಗಿದ್ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಇಂಥವನ್ನ ಸಾಲಾಗಿ ಬಿಟ್ಟು ಹೋದ್ರು, ಸುಮ್ನೆ ಬಿಟ್ಟು ಹೋಗ್ಲಿಲ್ಲ, ಯಾರಿಗೂ ಉಪಯೋಗಕ್ಕೆ ಬರ್ಬಾರ್ದು ಅಂತ ಬೇಕಂತ್ಲೇ ಹಾಳು ಮಾಡಿ ಹೋದ್ರು. ಎಚ್‌ಎಎಲ್‌ನೋರು ಆ ಗುಜರಿ ಒಳಗಿಂದಾನೇ ಒಂದೊಂದನ್ನ ಹಾರೋ ಮಟ್ಟಿಗೆ ರೆಡಿ ಮಾಡಿ, ಬೆಂಗ್ಳೂರಿಗೆ ಹಾರಿಸ್ಕೊಂಡ್ ಬಂದು, ಇಲ್ಲಿ ಪೂರ್ತಿ ರಿಪೇರಿ ಮಾಡಿ ವಾಯುಪಡೆಗೆ ಕೊಟ್ರು, 1948ರಲ್ಲಿ ಅವುಗಳಿಂದಾನೇ 5ನೇ ಸ್ಕ್ವಾಡ್ರನ್ ಶುರುವಾಗಿದ್ದು. ಕಾನ್ಪುರದಿಂದ ಅವನ್ನ ಹಾರಿಸ್ಕೊಂಡ್ ಬಂದಿದ್ದು ಎಚ್‌ಎಎಲ್ ಟೆಸ್ಟ್ ಪೈಲಟ್ ಜಿಮ್ಮಿ ಮುನ್ಷಿ. ಅಮೇರಿಕಾ, ಇಂಗ್ಲೆಂಡಲ್ಲೆಲ್ಲಾ ಈ ವಿಮಾನಗಳು ಗುಜರಿಗೆ ಹೋಗಿ ಎಷ್ಟೋ ವರ್ಷ ಆಗಿತ್ತು, ನಮ್ಮಲ್ಲಿ 1968ರ ತನಕ ಕೆಲ್ಸ ಮಾಡಿದ್ವು. ಆಮೇಲೆ ಮ್ಯೂಸಿಯಂನೋರಿಗೆಲ್ಲ ಲಿಬರೇಟರ್ ಬೇಕು ಅನ್ನಿಸ್ದಾಗ ಹಾರೋ ಸ್ಥಿತೀಲಿ ಇದ್ದಿದ್ದು ಇಂಡಿಯಾದಲ್ಲಿ. ಹೆಂಡನ್ನಿನದು 1974ರಲ್ಲಿ ಇಲ್ಲಿಂದ ಇಂಗ್ಲೆಂಡಿಗೆ ಹಾರ್ಕೊಂಡೇ ಹೋಯ್ತು. ಕೆನಡಾದ ಒಟ್ಟಾವಾದಲ್ಲಿರೋ ಮ್ಯೂಸಿಯಂದೂ, ಅಮೇರಿಕಾದ ಟೂಸಾನ್ ಊರಿನ ಪಿಮಾ ಮ್ಯೂಸಿಯಂದೂ ಹಿಂಗೇ ಇಂಡಿಯಾದಿಂದ ಹೋಗಿದ್ದು.

ಹತ್ರ ಹೋದಾಗ ಹೊಟ್ಟೆ ಕೆಳಗೆ ಬಗ್ಗಿ ನೋಡಿ. ಬಾಂಬ್ ಬೀಳೋ ಜಾಗದ ಬಾಗಿಲು ಬೇರೆ ವಿಮಾನದ ಥರ ಕೆಳಗೆ ತೆರೆಯಲ್ಲ, ನಮ್ಮ ಕಿರಾಣಿ ಅಂಗಡಿ ರೋಲಿಂಗ್ ಶಟರ್ ಥರಾನೇ ಪಟ್ಟಿ ಪಟ್ಟಿಯಾಗಿ ಪಕ್ಕದ ಗೋಡೆ ಮೇಲಕ್ಕೆ ಸರ್ಕೊಂಡು ಹೋಗುತ್ತೆ. ನಾನಂತೂ ಅಲ್ಲೇ ಬಗ್ಗಿ ನಿಂತಿದ್ದು ನೋಡಿ ಅಲ್ಲಿನ ವಾಲಂಟಿಯರ್ ಅಜ್ಜ ಒಬ್ರು ಬಂದು ಮಾತಾಡ್ಸಿದ್ರು, ಬೆಂಗ್ಳೂರು ಅಂದ್ ತಕ್ಷಣ ಎಚ್‌ಎಎಲ್ ಅಂದ್ರು ಕಣ್ರೀ! ಈ ವಾಲಂಟಿಯರ್‌ಗಳನ್ನ ಮಾತ್ರ ಬಿಡ್ಬೇಡಿ, ಬೋರ್ಡಲ್ಲಿ ಬರ್ದಿರೋದಕ್ಕಿಂತ ಹತ್ತರಷ್ಟು ಹೇಳ್ತಾರೆ, ಎಷ್ಟೋ ಜನ ತಾವೇ ಒಂದ್ ಕಾಲದಲ್ಲಿ ವಿಮಾನದ ಕೆಲ್ಸ ಮಾಡಿರೋರು.

ವಾಷಿಂಗ್ಟನ್ ಕಡೆ ಹೋಗೋರಿಗೆ. ಅಲ್ಲಿ ಮ್ಯೂಸಿಯಂಗಳನ್ನ ನಡೆಸೋ ಸ್ಮಿತ್‌ಸೋನಿಯನ್ ಸಂಸ್ಥೆದು ಎರಡು ವಿಮಾನ ಮ್ಯೂಸಿಯಂ ಇದೆ, ಜನ ಇದನ್ನ ಕನ್ಫ್ಯೂಸ್ ಮಾಡ್ಕೊಳ್ತಾರೆ. ಊರ ಮಧ್ಯ ನ್ಯಾಷನಲ್ ಮಾಲ್‌ನಲ್ಲಿರೋದು ಒಂದು, ರೈಟ್ ಸಹೋದರರ 1903ರ ಅಸಲಿ ವಿಮಾನ, ಚಂದ್ರನಿಗೆ ಹೋಗಿ ಬಂದ ಅಪೋಲೋ 11ರ ಕ್ಯಾಪ್ಸೂಲ್ ಇರೋದು ಅಲ್ಲೇ. ದುಡ್ಡಿಲ್ಲ, ಆದ್ರೆ ತಿರುಪತಿ ದರ್ಶನದ ಸ್ಲಾಟ್ ಥರ ಟೈಮ್ ಹಾಕಿರೋ ಪಾಸ್‌ನ ಆನ್‌ಲೈನಲ್ಲಿ ಮೊದ್ಲೇ ತಗೋಬೇಕು. ಇನ್ನೊಂದು ಉಡ್ವಾರ್ ಹೇಝಿ ಸೆಂಟರ್, ಡಲ್ಲಸ್ ಏರ್‌ಪೋರ್ಟ್ ಪಕ್ಕದಲ್ಲೇ, ಇದೂ ಫ್ರೀ, ಪಾಸ್ ಗೀಸ್ ಏನೂ ಬೇಡ, ಕಾರಲ್ಲಿ ಹೋದ್ರೆ ಪಾರ್ಕಿಂಗ್‌ಗೆ ಮಾತ್ರ ದುಡ್ಡು ಕೊಡ್ಬೇಕು. (ಡಲ್ಲಸ್ ಅಂದ್ರೆ ಟೆಕ್ಸಸ್‌ನ ಡಲ್ಲಾಸ್ ಅಲ್ಲ, ವಾಷಿಂಗ್ಟನ್ ಏರ್‌ಪೋರ್ಟ್ ಹೆಸ್ರು.) ಒಂದೇ ನೋಡೋಕಾಗೋದು ಅಂದ್ರೆ ಕಣ್ಮುಚ್ಕೊಂಡು ಎರಡ್ನೇದಕ್ಕೆ ಹೋಗಿ.

ಒಳಗೆ ಹೋಗ್ತಿದ್ದಂಗೆ ಕೆಳಗೆ ಎಸ್ಆರ್-71 ಬ್ಲ್ಯಾಕ್‌ಬರ್ಡ್ ಅನ್ನೋ ಬೇಹುಗಾರಿಕೆ ವಿಮಾನ ಮಲ್ಗಿರುತ್ತೆ, ಕಪ್ಪಗೆ, ಚಪ್ಪಟೆಯಾಗಿ. 1990ರ ಮಾರ್ಚಲ್ಲಿ ಇದೇ ವಿಮಾನ ಲಾಸ್ ಏಂಜಲೀಸ್‌ನಿಂದ ವಾಷಿಂಗ್ಟನ್‌ಗೆ 1 ಗಂಟೆ 4 ನಿಮಿಷದಲ್ಲಿ ಬಂದು ಸೀದಾ ಸ್ಮಿತ್‌ಸೋನಿಯನ್ ಕೈ ಸೇರಿದ್ದು, ಅಷ್ಟೊತ್ತಲ್ಲಿ ಮೆಜೆಸ್ಟಿಕ್‌ನಿಂದ ಹೊರಟ ವಾಯುವಜ್ರ ಬಸ್ಸು ದೇವನಹಳ್ಳಿ ಮುಟ್ಟಿದ್ರೆ ಪುಣ್ಯ. ಅದ್ರ ಹಿಂದಿನ ಹಾಲಲ್ಲಿ ಡಿಸ್ಕವರಿ ಸ್ಪೇಸ್ ಶಟಲ್, 39 ಸಲ ಬಾಹ್ಯಾಕಾಶಕ್ಕೆ ಹೋಗ್ಬಂದಿರೋದು, ಯಾವ ಮಾಡೆಲ್ಲೂ ಅಲ್ಲ. ಅದ್ರ ಮೈಮೇಲಿನ ಟೈಲ್ಸ್ ಹತ್ರದಿಂದ ನೋಡಿ, ಒಂದೊಂದ್ರ ಮೇಲೂ ನಂಬರ್ ಇರುತ್ತೆ, ಶಾಖಕ್ಕೆ ಕಂದಿ ಬಣ್ಣ ಬದ್ಲಾಗಿರೋದು ಕಾಣುತ್ತೆ. ಹಿರೋಷಿಮಾ ಮೇಲೆ ಬಾಂಬ್ ಹಾಕಿದ ಎನೋಲಾ ಗೇ ಕೂಡ ಇಲ್ಲೇ, ಫಳಫಳ ಅಂತ ಪಾಲಿಶ್ ಮಾಡಿ ಇಟ್ಟಿದಾರೆ, ಅದ್ರ ಮುಂದೆ ಸೆಲ್ಫೀ ತಗೊಳೋರನ್ನ ನೋಡಿದ್ರೆ ನಂಗೆ ಒಂಥರಾ ಆಗುತ್ತೆ, ಇರ್ಲಿ.

ಡಲ್ಲಸ್‌ನಲ್ಲಿ ಫ್ಲೈಟ್ ಚೇಂಜ್ ಇದ್ದು ಆರೇಳು ಗಂಟೆ ಗ್ಯಾಪ್ ಇದ್ರೆ ಟ್ಯಾಕ್ಸಿಯಲ್ಲಿ ಹೋಗ್ಬಂದ್ಬಿಡ್ಬಹುದು. ಬ್ಯಾಗೇಜ್ ಮುಂದಿನ ಫ್ಲೈಟಿಗೆ ಹಾಕ್ಬಿಟ್ಟು ಕೈಬೀಸ್ಕೊಂಡು ಹೋಗಿ, ಸೂಟ್‌ಕೇಸ್ ಎಳ್ಕೊಂಡು ಹೋಗ್ಬೇಡಿ, ಬಾಗ್ಲಲ್ಲೇ ಸೆಕ್ಯೂರಿಟಿ ಚೆಕ್ ಇರುತ್ತೆ. ವಾಪಸ್ ಬಂದ್ಮೇಲೆ ಏರ್‌ಪೋರ್ಟ್ ಸೆಕ್ಯೂರಿಟಿ ಕ್ಯೂ ಮತ್ತೆ ಮೊದ್ಲಿಂದ ನಿಲ್ಬೇಕು ಅನ್ನೋದನ್ನ ಲೆಕ್ಕಕ್ಕೆ ಹಿಡೀರಿ.

ಸಿಯಾಟಲ್‌ನಲ್ಲಿ ಮಕ್ಳಿರೋರು ತುಂಬಾ ಜನ, ಅಲ್ಲಿಗೆ ಹೋದ್ರೆ ಮ್ಯೂಸಿಯಂ ಆಫ್ ಫ್ಲೈಟ್. ಮೊಟ್ಟಮೊದಲ 747 ಜಂಬೋ ಜೆಟ್ ಅಲ್ಲಿದೆ, ಬೋಯಿಂಗ್ ಕಂಪ್ನಿ ಶುರುವಾದ ಕೆಂಪು ಮರದ ಕಟ್ಟಡಾನೂ ಇದೆ. ಟಿಕೆಟ್ ಇದೆ, ಆದ್ರೆ ತಿಂಗಳ ಮೊದಲ ಗುರುವಾರ ಸಂಜೆ ಫ್ರೀ ಬಿಡ್ತಾರೆ. ದೊಡ್ಡ ವಿಮಾನಗಳೆಲ್ಲ ರೋಡ್ ಆಚೆ ಇರೋ ಬೇರೆ ಶೆಡ್ಡಲ್ಲಿ, ಮೇಲ್ಸೇತುವೆ ದಾಟಿ ಹೋಗ್ಬೇಕು, ಎಷ್ಟೋ ಜನ ಈಚೆನೇ ನೋಡಿ ಸುಸ್ತಾಗಿ ವಾಪಸ್ ಬರ್ತಾರೆ, ಮೊದ್ಲು ಆಚೆ ಹೋಗಿ. ಶಬ್ದಕ್ಕಿಂತ ವೇಗವಾಗಿ ಹಾರ್ತಿದ್ದ ಪ್ಯಾಸೆಂಜರ್ ವಿಮಾನ ಕಾಂಕಾರ್ಡ್ ಅಲ್ಲಿದೆ, ಒಳಗೆ ಹತ್ತಿದ್ರೆ ಆಶ್ಚರ್ಯ ಆಗುತ್ತೆ, ಸಾಲಿಗೆ ಎರಡೂ ಎರಡು ನಾಲ್ಕೇ ಸೀಟು, ನಮ್ಮ ರಾಜಹಂಸ ಬಸ್ಸೇ, ಕಿಟಕಿ ಅಂಗೈಯಷ್ಟು. ಇಂಥಾದಕ್ಕೆ ಅಷ್ಟು ದುಡ್ಡು ಕೊಡ್ತಿದ್ರಾ ಅಂತ ನಮ್ಮನೆಯವ್ಳ ಪ್ರಶ್ನೆ. ಕಾಂಕಾರ್ಡ್ ಜೊತೆಗೆ ಅದ್ರ ರಷ್ಯನ್ ಜೋಡಿ ಟುಪೊಲೆವ್ 144ನ್ನೂ ಪಕ್ಕಪಕ್ಕದಲ್ಲಿ ನೋಡ್ಬೇಕಂದ್ರೆ ಜರ್ಮನಿಯ ಸಿನ್ಸ್‌ಹೈಮ್‌ಗೆ ಹೋಗಿ, ಎರಡನ್ನೂ ಮ್ಯೂಸಿಯಂ ತಾರಸಿ ಮೇಲೆ ಹತ್ತಿಸಿ ಇಟ್ಟಿದಾರೆ.

ಅಮೇರಿಕಾ ವಾಯುಪಡೆಯ ಡೇಟನ್ ಮ್ಯೂಸಿಯಂ ಭಾರೀ ದೊಡ್ಡದು, ಫ್ರೀ, ಪಾರ್ಕಿಂಗೂ ಫ್ರೀ, ಆದ್ರೆ ಒಹಾಯೋದಲ್ಲಿ ನೆಂಟರೂ ಕಾರೂ ಎರಡೂ ಇದ್ರೆ ಮಾತ್ರ ಯೋಚ್ನೆ ಮಾಡಿ.

ಎಲ್ಲಾ ಕಡೆಗೂ ಅನ್ವಯಿಸೋ ಒಂದೆರಡು ವಿಷ್ಯ. ಟೂರ್ ಪ್ಯಾಕೇಜಲ್ಲಿ ಇದನ್ನ ಸೇರಿಸ್ಕೊಳ್ಳೋಕೆ ಹೋಗ್ಬೇಡಿ, ನಾವು ಹೋಗಿದ್ದ ಒಂದು ಗುಂಪಿನ ಮ್ಯಾನೇಜರ್ರು ಬರೀ 40 ನಿಮಿಷ ಕೊಟ್ಟು ಬಸ್ ಹಾರ್ನ್ ಹೊಡ್ಸಿದ, ಫ್ರೀ ಡೇ ಇದ್ದಾಗ ನೀವೇ ಹೋಗಿ. ಬೆಳಗ್ಗೆ ಬಾಗ್ಲು ತೆಗೆಯೋ ಹೊತ್ತಿಗೆ ಅಲ್ಲಿರಿ, ಮೂರು ಗಂಟೆ ಮೇಲೆ ಯಾವನಿಗೂ ತಲೆಗೆ ಏನೂ ಹೋಗಲ್ಲ. ನೀವು ನೋಡ್ಲೇಬೇಕು ಅನ್ನೋ ವಿಮಾನ ರಿಪೇರಿಗೆ ಹೋಗಿರ್ಬಹುದು, ಹಿಂದಿನ ದಿನ ವೆಬ್‌ಸೈಟ್ ನೋಡ್ಕೊಳ್ಳಿ. ನೆಲ ಎಲ್ಲಾ ಕಾಂಕ್ರೀಟು, ಚಪ್ಲಿ ಬೇಡ, ಶೂಸ್ ಹಾಕ್ಕೊಳ್ಳಿ. ಆಸಕ್ತಿ ಇಲ್ಲದೋರನ್ನ ಎಳ್ಕೊಂಡು ಹೋಗೋ ಬದ್ಲು ಪಕ್ಕದ ಮಾಲಲ್ಲಿ ಬಿಟ್ಟು ಹೋಗಿ, ಖರ್ಚಾಗುತ್ತೆ, ಆದ್ರೆ ನೆಮ್ಮದಿ.

ಕೊನೇದಾಗಿ ನನಗೆ ಎಲ್ಲಕ್ಕಿಂತ ಇಷ್ಟವಾದ್ದು, ಮ್ಯೂನಿಕ್ ಪಕ್ಕದ ಶ್ಲೈಸ್‌ಹೈಮ್. ಹಳೇ ಏರ್‌ಫೀಲ್ಡ್, ಮ್ಯೂನಿಕ್‌ನ ದೊಡ್ಡ ವಿಜ್ಞಾನ ಮ್ಯೂಸಿಯಂ ಡಾಯ್ಚಸ್ ಮ್ಯೂಸಿಯಂನ ಶಾಖೆ, ಜನಾನೇ ಇರಲ್ಲ. ಅಲ್ಲಿ ನಮ್ಮ ಎಚ್‌ಎಫ್-24 ಮಾರುತ್ ನಿಂತಿದೆ! ಜರ್ಮನ್ ಎಂಜಿನಿಯರ್ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗ್ಳೂರಿಗೆ ಬಂದು ಎಚ್‌ಎಎಲ್‌ನೋರ ಜೊತೆ ಸೇರಿ ಮಾಡಿದ ಫೈಟರ್, 1961ರ ಜೂನ್ 17ಕ್ಕೆ ಮೊದಲ ಸಲ ಹಾರಿದ್ದು, ಹಾರಿಸಿದ್ದು ಸುರಂಜನ್ ದಾಸ್. ಹೌದು, ಬೆಂಗ್ಳೂರಿನ ಸುರಂಜನ್ ದಾಸ್ ರೋಡು ಇವ್ರ ಹೆಸರಿಂದೇ, ಅವ್ರು 1970ರಲ್ಲಿ ಮಾರುತ್ ಟೆಸ್ಟ್ ಮಾಡೋವಾಗ್ಲೇ ತೀರ್ಕೊಂಡ್ರು. ಕಸ್ತೂರಬಾ ರೋಡಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ಇಂಥದೇ ಇನ್ನೊಂದು ಮಾರುತ್ ಬಿಸ್ಲು ಮಳೇಲಿ ನಿಂತಿರುತ್ತೆ, ಯಾರೂ ತಿರುಗಿ ನೋಡಲ್ಲ, ಶ್ಲೈಸ್‌ಹೈಮ್‌ನಲ್ಲಿ ಸೂರಿನ ಕೆಳಗೆ ಇದೆ.

ಹೋಗೋಕೆ ಎಸ್1 ಲೋಕಲ್ ರೈಲು, ಓಬರ್‌ಶ್ಲೈಸ್‌ಹೈಮ್ ಸ್ಟೇಷನ್ನಲ್ಲಿ ಇಳ್ದು ಕಾಲು ಗಂಟೆ ನಡಿಗೆ. ಇದೇ ಎಸ್1 ಏರ್‌ಪೋರ್ಟಿಗೂ ಹೋಗೋದ್ರಿಂದ ಊರಿಗೆ ವಾಪಸ್ ಹೊರಡೋ ದಿನಾನೇ ಹೊಂದಿಸ್ಕೋಬಹುದು, ಆದ್ರೆ ರೈಲು ನೊಯ್‌ಫಾರ್ನ್‌ನಲ್ಲಿ ಎರಡು ಭಾಗ ಆಗುತ್ತೆ, ಒಂದರ್ಧ ಏರ್‌ಪೋರ್ಟಿಗೆ, ಇನ್ನೊಂದರ್ಧ ಫ್ರೈಸಿಂಗ್‌ಗೆ, ಹತ್ತೋಕೆ ಮುಂಚೆ ಬೋಗಿ ಮೇಲಿನ ಬೋರ್ಡ್ ಓದ್ಕೊಳ್ಳಿ.